ಗದ್ದೆಗೊಂದು ಗಾಲಿ, ಹಿಮಕ್ಕೊಂದು ಟ್ರ್ಯಾಕ್

ಭತ್ತದ ನಾಡಿನಲ್ಲಿ ಬೆಳೆದವರಿಗೆ ಕೇಜ್ ವೀಲ್ ಗೊತ್ತು. ಗಂಗಾವತಿ, ಸಿಂಧನೂರು ಕಡೆ ನಾಟಿಗೆ ಮುಂಚೆ ನೀರು ನಿಲ್ಲಿಸಿ ಗದ್ದೆ ಕಲಸುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದಂಥ ಗಾಲಿ ಹಾಕುತ್ತಾರೆ. ರಬ್ಬರ್ ಟೈರು ಮಾತ್ರ ಇದ್ದರೆ ಟ್ರ್ಯಾಕ್ಟರು ರಾಡಿಯಲ್ಲಿ ಹೂತು ನಿಂತಲ್ಲೇ ಗಿರಗಿರ ತಿರುಗುತ್ತದೆ. ಪಂಜರದ ಗಾಲಿ ಅಗಲವಾಗಿ ಭಾರ ಹಂಚುತ್ತದೆ, ಅದರ ಪಟ್ಟಿಗಳು ಕೆಸರನ್ನು ಹಿಂದಕ್ಕೆ ತಳ್ಳುತ್ತವೆ. ಅದೇ ಗಾಲಿಯನ್ನು ಡಾಂಬರು ರಸ್ತೆಗೆ ಇಳಿಸಿದರೆ ರಸ್ತೆ ಕಿತ್ತುಹೋಗುತ್ತದೆ, ಪೊಲೀಸರು ದಂಡ ಹಾಕುತ್ತಾರೆ. ಗಾಲಿಯಲ್ಲಿ ದೋಷವಿಲ್ಲ. ಅದು ತನ್ನದಲ್ಲದ ನೆಲದ ಮೇಲೆ ಇದೆ, ಅಷ್ಟೆ.

ಈ ಮಾತು ನೆನಪಾಗಲು ಕಾರಣ ನನ್ನ ಅಕ್ಕನ ಮಗ. ನಾಲ್ಕು ವರ್ಷದಿಂದ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಅವನ ಹತ್ತಿರ 450 ಸಿಸಿಯ ಒಂದು ಮೋಟೋಕ್ರಾಸ್ ಬೈಕು ಇದೆ. ಅಕ್ಟೋಬರಿನ ಒಂದು ರಾತ್ರಿ ಫೋನ್ ಮಾಡಿ, "ಮಾಮಾ, ಒಂದು ಸ್ನೋ ಬೈಕ್ ಕಿಟ್ ಸೆಕೆಂಡ್ ಹ್ಯಾಂಡ್ ಸಿಗಾಕತ್ತೈತ್ರಿ. 137 ಇಂಚಿನ ಟ್ರ್ಯಾಕು, ಮೂರು ಇಂಚಿನ ಹಲ್ಲು. ದೊಡ್ಡದೇ ಛಲೋ ಅಲ್ಲೇನ್ರಿ? ತಗೊಳ್ಳೇನು?" ಅಂದ. ಚಿಂಚವಾಡದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಮಾಮನಿಗೆ ಎಲ್ಲ ಗಾಡಿಯೂ ಗೊತ್ತು ಎಂಬುದು ಅವನ ನಂಬಿಕೆ. ಮರುದಿನ ಬೆಳಿಗ್ಗೆ ಊರಿನಿಂದ ಅಕ್ಕನ ಫೋನು: "ಅವ ಹೇಳೂದು ನನಗ ತಿಳೀವಲ್ದು. ಗಾಡಿ ಗಾಲಿ ಬಿಚ್ಚಿ ಹಿಮದಾಗ ಹೋಗ್ತಾನಂತ. ನೀನರ ಏನರ ಹೇಳೋ."

ಇಬ್ಬರಿಗೂ ಉತ್ತರ ಹೇಳಬೇಕಿತ್ತು. ಅದಕ್ಕಾಗಿ ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದೇ ಈ ತಿಂಗಳ ಅಂಕಣ.

ಮೊದಲಿಗೆ ಅಕ್ಕನಿಗೆ ಹೇಳಿದ ಪಾಠ. ಗುಲ್ಮಾರ್ಗಿನಲ್ಲೋ ಮನಾಲಿಯ ಸೋಲಂಗ್ ಕಣಿವೆಯಲ್ಲೋ ನಮ್ಮಲ್ಲಿ ಹಲವರು ಬಾಡಿಗೆಯ ಸ್ನೋ ಸ್ಕೂಟರ್ ಹತ್ತಿರುತ್ತೀರಿ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟೆ ಇರುವ ಗಾಡಿ ಅದು. ಸ್ನೋ ಬೈಕ್ ಅದರ ತಮ್ಮ. ಮಾಮೂಲಿ ಮೋಟೋಕ್ರಾಸ್ ಬೈಕಿನ ಮುಂದಿನ ಗಾಲಿ ತೆಗೆದು ಅಲ್ಲಿ ಒಂದೇ ಒಂದು ಸ್ಕೀ ಕೂಡಿಸುತ್ತಾರೆ. ಹಿಂದಿನ ಗಾಲಿ, ಅದನ್ನು ಹಿಡಿದ ಸ್ವಿಂಗ್ ಆರ್ಮ್, ಶಾಕ್ ಅಬ್ಸಾರ್ಬರ್ ಎಲ್ಲ ಬಿಚ್ಚಿ ಆ ಜಾಗಕ್ಕೆ ಟ್ರ್ಯಾಕ್ ಇರುವ ಚೌಕಟ್ಟನ್ನು ಬೋಲ್ಟ್ ಮಾಡುತ್ತಾರೆ. ಎಂಜಿನ್ನಿನ ಚೈನು ಈ ಚೌಕಟ್ಟಿನ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಟ್ರ್ಯಾಕನ್ನು ಎಳೆಯುತ್ತದೆ. ಬೇಸಿಗೆ ಬಂದರೆ ಕಿಟ್ ಬಿಚ್ಚಿ ಮತ್ತೆ ಗಾಲಿ. ಅಮೆರಿಕದ ಐಡಾಹೊ ರಾಜ್ಯದ ಸ್ಯಾಂಡ್‌ಪಾಯಿಂಟ್ ಎಂಬ ಸಣ್ಣ ಊರಿನ ಟಿಂಬರ್‌ಸ್ಲೆಡ್ ಕಂಪನಿ ಇದನ್ನು ಹೆಚ್ಚು ಜನಪ್ರಿಯಗೊಳಿಸಿತು. 2015ರಲ್ಲಿ ಪೊಲಾರಿಸ್ ಅದನ್ನು ಕೊಂಡುಕೊಂಡಿತು. 2017ರಲ್ಲಿ ಆಸ್ಪೆನ್‌ನ ಎಕ್ಸ್ ಗೇಮ್ಸ್‌ನಲ್ಲಿ ಸ್ನೋ ಬೈಕ್ ರೇಸೂ ಸೇರಿತು, ಕೆನಡಾದ ಬ್ರಾಕ್ ಹೋಯರ್ ಮೊದಲ ಚಿನ್ನ ಗೆದ್ದ.

ಈಗ ಅಳಿಯನ ಪ್ರಶ್ನೆ. "ದೊಡ್ಡದೇ ಛಲೋ ಅಲ್ಲೇನ್ರಿ?"

ನಾವು ದಕ್ಷಿಣದವರು ಹಿಮ ಅಂದರೆ ಒಂದೇ ಎಂದುಕೊಳ್ಳುತ್ತೇವೆ. ಮಣ್ಣಿನಲ್ಲಿ ಎರೆ, ಮಸಾರಿ ಇದ್ದಂತೆ ಹಿಮದಲ್ಲೂ ಜಾತಿಗಳಿವೆ. ಒಣ ಚಳಿಯಲ್ಲಿ ಆಗಷ್ಟೇ ಬಿದ್ದ ಹಗುರ ಪುಡಿಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಕೆಲವು ದಿನ ಕುಳಿತ ಹಿಮ 200ರಿಂದ 300 ಕಿಲೋ. ಗಾಳಿ ಬಡಿದು ಗಟ್ಟಿಯಾದದ್ದು 350, 400ರ ಹತ್ತಿರ. ಪೂರ್ತಿ ಮಂಜುಗಡ್ಡೆಯಾದರೆ 917. ಅಂದರೆ ಒಂದೇ ಹೆಸರಿನ ವಸ್ತುವಿನ ಸಾಂದ್ರತೆಯಲ್ಲಿ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಇಷ್ಟು ವ್ಯತ್ಯಾಸವಿರುವ ನೆಲಕ್ಕೆಲ್ಲ ಒಂದೇ ಗಾಲಿ ಸಾಕು ಎಂದು ಯಾವ ರೈತನೂ ಹೇಳುವುದಿಲ್ಲ.

ಕಿಟ್ ಕೊಳ್ಳುವಾಗ ನೋಡಬೇಕಾದ ಮುಖ್ಯ ಅಳತೆ ಎರಡು. ಒಂದು ಟ್ರ್ಯಾಕಿನ ಸುತ್ತಳತೆ, ಇನ್ನೊಂದು ಅದರ ಮೇಲಿನ ರಬ್ಬರ್ ಹಲ್ಲಿನ ಎತ್ತರ. ಸುತ್ತಳತೆ ಸಾಮಾನ್ಯವಾಗಿ 120ರಿಂದ 137 ಇಂಚಿನವರೆಗೆ, ಹಲ್ಲು ಒಂದೂಮುಕ್ಕಾಲು ಇಂಚಿನಿಂದ ಮೂರು ಇಂಚಿನವರೆಗೆ ಸಿಗುತ್ತದೆ. ಅಗಲ ಹೆಚ್ಚುಕಡಿಮೆ ಒಂದಡಿ.

ಸುತ್ತಳತೆಯ ಕೆಲಸ ತೇಲಿಸುವುದು. ಬೈಕು, ಕಿಟ್ಟು, ಬೂಟು ಹೆಲ್ಮೆಟ್ ಸಮೇತ ಸವಾರ ಎಲ್ಲ ಸೇರಿ ಸುಮಾರು 250 ಕಿಲೋ ಎಂದಿಟ್ಟುಕೊಳ್ಳಿ. 137 ಇಂಚಿನ ಟ್ರ್ಯಾಕಿನಲ್ಲಿ ನೆಲಕ್ಕೆ ತಾಗುವ ಭಾಗ ಅಂದಾಜು ನಾಲ್ಕೂವರೆ ಅಡಿ. ಆಗ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 60 ಗ್ರಾಮಿನ ಆಸುಪಾಸು. ಅದೇ ಸವಾರ ಬೈಕಿಳಿದು ಒಂದು ಕಾಲೂರಿದರೆ ಅದರ ಐದಾರು ಪಟ್ಟು ಒತ್ತಡ ಬೀಳುತ್ತದೆ, ಸೊಂಟದವರೆಗೆ ಹೂತುಹೋಗುತ್ತಾನೆ. 120 ಇಂಚಿನದರಲ್ಲಿ ಒತ್ತಡ ಆರನೆಯ ಒಂದು ಭಾಗದಷ್ಟು ಜಾಸ್ತಿ. ಗಟ್ಟಿ ಹಿಮದಲ್ಲಿ ಇದು ಗೊತ್ತೂ ಆಗುವುದಿಲ್ಲ. ಆಳವಾದ ಪುಡಿಹಿಮದಲ್ಲಿ ಏರು ಹತ್ತುವಾಗ, ಹತ್ತುವುದಕ್ಕೂ ಹೂಳುವುದಕ್ಕೂ ಇರುವ ಅಂತರವೇ ಇದು.

ಹಲ್ಲಿನ ಕೆಲಸ ಹಿಮವನ್ನು ಹಿಂದಕ್ಕೆ ತಳ್ಳುವುದು, ದೋಣಿಯ ಹುಟ್ಟಿನಂತೆ. ಪುಡಿಹಿಮ ಹಗುರ, ಆದ್ದರಿಂದ ತಳ್ಳಲು ಹೆಚ್ಚು ಹಿಮ ಸಿಗಬೇಕು. ಎರಡೂವರೆ, ಮೂರು ಇಂಚಿನ ಹಲ್ಲು ಅಲ್ಲಿಗೆ ಸರಿ. ಅದೇ ಹಲ್ಲು ಗಟ್ಟಿ ದಾರಿಗೆ ಬಂದರೆ ಪೂರ್ತಿ ಒಳಗಿಳಿಯುವುದಿಲ್ಲ, ತುದಿಯ ಮೇಲೆ ನಿಂತು ಬಾಗುತ್ತದೆ. ಗಾಡಿ ಅಲುಗಾಡುತ್ತದೆ, ಹಲ್ಲಿನ ಬುಡ ಬಿರುಕು ಬಿಡುತ್ತದೆ. ಗಟ್ಟಿ ಹಿಮಕ್ಕೆ ಒಂದೂಮುಕ್ಕಾಲು, ಎರಡು ಇಂಚಿನ ಗಿಡ್ಡ, ಬಿರುಸು ಹಲ್ಲೇ ಚೆನ್ನ. ರೇಸಿನವರು ಚಿಕ್ಕ ಟ್ರ್ಯಾಕು, ಗಿಡ್ಡ ಹಲ್ಲು ಇಷ್ಟಪಡುವುದು ಇದಕ್ಕೇ. ಬೇಗ ತಿರುಗುತ್ತದೆ, ಹಾರಿದಾಗ ಹಗುರ.

ಉದ್ದ ಟ್ರ್ಯಾಕಿಗೆ ಗಟ್ಟಿ ದಾರಿಯಲ್ಲಿ ಇನ್ನೊಂದು ರೋಗ. ಅದು ನೆಟ್ಟಗೆ ಹೋಗಲು ಬಯಸುತ್ತದೆ. ಹ್ಯಾಂಡಲ್ ತಿರುಗಿಸಿದರೂ ಮುಂದಿನ ಸ್ಕೀ ಜಾರಿ ಗಾಡಿ ತಿರುವಿನ ಹೊರಕ್ಕೆ ಓಡುತ್ತದೆ. ಇದಕ್ಕೆ ಸ್ಕೀ ಅಡಿಯ ಕಾರ್ಬೈಡ್ ಪಟ್ಟಿ ಚೂಪಾಗಿರಬೇಕು. ಪುಡಿಹಿಮಕ್ಕೆ ಬೇಕಾದದ್ದು ಅಗಲ ಸ್ಕೀ, ಮಂಜುಗಡ್ಡೆಗೆ ಬೇಕಾದದ್ದು ಕಚ್ಚುವ ಅಂಚು. ಹಾಗಾಗಿ ಟ್ರ್ಯಾಕಿನ ಜೊತೆ ಸ್ಕೀಯನ್ನೂ ನೋಡಿಯೇ ಕೊಳ್ಳಬೇಕು.

ಶಕ್ತಿಯ ಲೆಕ್ಕವೂ ಇದೆ. 450 ಸಿಸಿ ಬೈಕಿನದು ಸುಮಾರು 50 ಅಶ್ವಶಕ್ತಿ. ಬೆಟ್ಟಗಳಿಗೆಂದೇ ಮಾಡಿದ ದೊಡ್ಡ ಸ್ನೋಮೊಬೈಲಿನದು ಅದರ ಮೂರು ಪಟ್ಟು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇಕಡಾ ಮೂರು ಇಳಿಯುತ್ತದೆ. 2000 ಮೀಟರ್ ಎತ್ತರದಲ್ಲಿ ಐದರಲ್ಲಿ ಒಂದು ಭಾಗ ಹೋಯಿತೆಂದೇ ತಿಳಿಯಿರಿ. ಉದ್ದ ಟ್ರ್ಯಾಕು, ಎತ್ತರದ ಹಲ್ಲು ಎರಡನ್ನೂ ಎಳೆಯಲು ಉಳಿದ ಶಕ್ತಿ ಸಾಲಬೇಕು. ವಸಂತದ ಒದ್ದೆ ಹಿಮದಲ್ಲಿ ಮೂರು ಇಂಚಿನ ಹಲ್ಲು ಪ್ರತಿ ಸುತ್ತಿಗೂ ಭಾರದ ಹಿಮ ಎತ್ತಿ ಎಸೆಯುತ್ತದೆ, ಎಂಜಿನ್ನು ಏದುಸಿರು ಬಿಡುತ್ತದೆ. 250 ಸಿಸಿ ಬೈಕಿಗೆ ದೊಡ್ಡ ಕಿಟ್ ಕಟ್ಟುವುದು ಕರುವಿಗೆ ನೊಗ ಹೂಡಿದಂತೆ.

ಇನ್ನೆರಡು ಸಂಗತಿಗಳು ಅಂಗಡಿಯವರ ಮಾತಿನಲ್ಲಿ ಸುಲಭಕ್ಕೆ ಬರುವುದಿಲ್ಲ. ಟ್ರ್ಯಾಕ್ ಓಡುವುದು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ. ಅವುಗಳಿಗೆ ಎಣ್ಣೆಯಿಲ್ಲ, ಮೇಲೆ ಚಿಮ್ಮುವ ಹಿಮವೇ ತಂಪು, ಹಿಮವೇ ಜಾರಿಕೆ. ಗಟ್ಟಿ ಮಂಜುಗಡ್ಡೆಯ ದಾರಿಯಲ್ಲಿ ಹಿಮ ಚಿಮ್ಮದಿದ್ದರೆ ಆ ಪಟ್ಟಿ ಬಿಸಿಯಾಗಿ ಕರಗುತ್ತದೆ. ಅಂಥ ದಾರಿಗೆ ನೆಲ ಕೆರೆದು ಹಿಮದ ಪುಡಿ ಎಬ್ಬಿಸುವ ಸ್ಪ್ರಿಂಗ್ ಕಡ್ಡಿ ಹಾಕಿಸಬೇಕು. ಎಂಜಿನ್ನಿನ ಕಷ್ಟ ಇದಕ್ಕೆ ಉಲ್ಟಾ. ಪುಡಿಹಿಮದಲ್ಲಿ ಅದು ಅತಿಯಾಗಿ ತಣ್ಣಗಾಗುತ್ತದೆ, ಹೀಗಾಗಿ ಥರ್ಮೋಸ್ಟಾಟ್ ಬೇಕು. ಗಾಳಿ ಎಳೆಯುವ ಬಾಯಿಗೆ ಹಿಮ ಮೆತ್ತಿಕೊಳ್ಳದಂತೆ ಅಲ್ಲಿಗೂ ಒಂದು ಜಾಲರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು, ತಮ್ಮ ಬೈಕಿನ ಮಾದರಿಗೂ ವರ್ಷಕ್ಕೂ ಹೊಂದುವ ಜೋಡಣೆಯ ಭಾಗಗಳು ಸಿಗುತ್ತವೆಯೇ ಎಂದು. ಕಿಟ್ ಒಂದೇ ಆದರೂ ಬೈಕಿಗೊಂದು ಜೋಡಣೆ.

ಇಷ್ಟು ತಿಳಿದ ಮೇಲೆ ಅಳಿಯನಿಗೆ ಹೇಳಿದೆ: "ಕಿಟ್ಟಿನ ಮಾತು ಆಮ್ಯಾಲೆ. ಹೋದ ಚಳಿಗಾಲದಾಗ ಗೆಳೆಯರ ಗಾಡಿ ಮ್ಯಾಲೆ ಎಲ್ಲೆಲ್ಲಿ ಹೋಗಿದ್ದಿ, ಎಂಥಾ ಹಿಮ ಇತ್ತು, ಒಂದು ಹಾಳಿ ಮ್ಯಾಲೆ ಬರದು ಕಳಿಸು."

ಕಳಿಸಿದ. ಒಟ್ಟು ಹನ್ನೊಂದು ಸಲ. ಅದರಲ್ಲಿ ಆರು ಕ್ಯಾಲ್ಗರಿಯ ಸುತ್ತಿನ ಕಾಡುದಾರಿಗಳು. ರಾಕಿ ಪರ್ವತದ ಈ ಪೂರ್ವದ ಮಗ್ಗುಲಲ್ಲಿ ಹಿಮ ತೆಳು, ಕೆಳಗೆ ಕಲ್ಲು. ಮೇಲಾಗಿ ಚಿನೂಕ್ ಎಂಬ ಬೆಚ್ಚನೆ ಗಾಳಿ ಬೀಸಿದರೆ ಒಂದೇ ದಿನದಲ್ಲಿ ತಾಪ ಹದಿನೈದು ಇಪ್ಪತ್ತು ಡಿಗ್ರಿ ಏರಿ ಹಿಮ ಕರಗುತ್ತದೆ, ರಾತ್ರಿ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಮೂರು ಸಲ ವಸಂತದ ಒದ್ದೆ ಹಿಮ. ಅವನು ಕನಸು ಕಾಣುವ ಆಳವಾದ ಪುಡಿಹಿಮ ಸಿಕ್ಕಿದ್ದು ಎರಡೇ ಸಲ, ಅದೂ ಸುಮಾರು 400 ಕಿಲೋಮೀಟರ್ ದೂರದ ರೆವೆಲ್‌ಸ್ಟೋಕ್‌ನಲ್ಲಿ. ಹನ್ನೊಂದರಲ್ಲಿ ಎರಡು ದಿನಕ್ಕಾಗಿ ಮೂರು ಇಂಚಿನ ಹಲ್ಲು ಕೊಂಡು, ಉಳಿದ ಒಂಬತ್ತು ದಿನ ಅದನ್ನು ಮಂಜುಗಡ್ಡೆಯ ಮೇಲೆ ಸವೆಸುವುದು. ಕೇಜ್ ವೀಲನ್ನು ಡಾಂಬರಿನ ಮೇಲೆ ಓಡಿಸಿದ ಹಾಗೆ.

ಇಷ್ಟೇ ಆಗಿದ್ದರೆ ಇದು ದುಡ್ಡಿನ ವಿಷಯ. ಆದರೆ ದೊಡ್ಡ ಕಿಟ್ಟು ದುಡ್ಡಿನ ಜೊತೆ ಇನ್ನೊಂದನ್ನೂ ಕೇಳುತ್ತದೆ.

ಕ್ಯಾಲ್ಗರಿಯಿಂದ ರೆವೆಲ್‌ಸ್ಟೋಕ್‌ಗೆ ಹೋಗುವ ಹೆದ್ದಾರಿ ರೋಜರ್ಸ್ ಪಾಸ್ ದಾಟಿ ಹೋಗುತ್ತದೆ. 1910ರ ಮಾರ್ಚ್ 4ರ ರಾತ್ರಿ ಅಲ್ಲಿ ಹಿಮಕುಸಿತದಿಂದ ಮುಚ್ಚಿದ್ದ ರೈಲುಹಳಿ ಬಿಡಿಸುತ್ತಿದ್ದ ಕೂಲಿಗಳ ಮೇಲೆ ಎದುರು ಬೆಟ್ಟದಿಂದ ಇನ್ನೊಂದು ಕುಸಿತ ಇಳಿದು 58 ಮಂದಿ ಸತ್ತರು. ಅವರಲ್ಲಿ ಹಲವರು ಜಪಾನಿನಿಂದ ದುಡಿಯಲು ಬಂದವರು. ಹೊಟ್ಟೆಪಾಡಿಗೆ ಊರು ಬಿಟ್ಟವರು ಗುರುತಿಲ್ಲದ ಬೆಟ್ಟದಡಿ ಸತ್ತ ಕತೆ ಪರಊರಿನಲ್ಲಿ ಬದುಕುವ ನಮಗೆ ಬೇಗ ತಟ್ಟುತ್ತದೆ.

ಹಿಮ ಹಲಗೆಯಂತೆ ಕಳಚಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ನೋಮೊಬೈಲಿನಲ್ಲಿ ಅಂಥ ಇಳಿಜಾರನ್ನು ಅಡ್ಡಡ್ಡ ದಾಟಲು ವರ್ಷಗಳ ಅಭ್ಯಾಸ ಬೇಕು, ಹೊಸಬನ ಗಾಡಿ ಉರುಳುತ್ತದೆ. ಸ್ನೋ ಬೈಕು ಕಿರಿದು, ಬಾಗಿಸಿದರೆ ಬಾಗುತ್ತದೆ. ಹೊಸಬನೂ ಅದರ ಮೇಲೆ ಕೂತು ಮರಗಳ ಸಂದಿಯಲ್ಲಿ ನುಗ್ಗಿ ಮೊದಲ ವಾರವೇ ಅಂಥ ಇಳಿಜಾರಿಗೆ ತಲುಪಬಹುದು. ಗಾಡಿಗೆ ಸುಲಭವಾದದ್ದು ಸವಾರನಿಗೆ ಸುರಕ್ಷಿತ ಎಂದೇನಿಲ್ಲ. ಮೊದಲು ಕಷ್ಟವೇ ಬೇಲಿಯಾಗಿತ್ತು. ಒಳ್ಳೆಯ ಟ್ರ್ಯಾಕು ಆ ಬೇಲಿ ಕಿತ್ತಿಡುತ್ತದೆ.

ಹಿಮದಡಿ ಹೂತವನನ್ನು ಹತ್ತು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹತ್ತರಲ್ಲಿ ಒಂಬತ್ತು. ಅರ್ಧ ಗಂಟೆಯಾದರೆ ಮೂರರಲ್ಲಿ ಒಂದು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಪಕ್ಕದಲ್ಲಿದ್ದ ಗೆಳೆಯನೇ ಅಗೆಯಬೇಕು. ಅದಕ್ಕೆ ಎಲ್ಲರ ಮೈಮೇಲೂ ಸಂಕೇತ ಕಳಿಸುವ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದ ಸಲಾಕೆ, ಸಲಿಕೆ, ಈ ಮೂರೂ ಇರಬೇಕು, ಬಳಸಿ ರೂಢಿಯೂ ಇರಬೇಕು. ರೆವೆಲ್‌ಸ್ಟೋಕ್‌ನಲ್ಲೇ ಇರುವ ಅವಲಾಂಚ್ ಕೆನಡಾ ಸಂಸ್ಥೆ ಚಳಿಗಾಲವಿಡೀ ಒಂದರಿಂದ ಐದರ ಅಳತೆಯಲ್ಲಿ ಅಪಾಯದ ಮುನ್ಸೂಚನೆ ಕೊಡುತ್ತದೆ. ಅದು ರೂಪಿಸಿದ ಮೊದಲ ಹಂತದ ತರಬೇತಿ ಎರಡು ದಿನದ್ದು.

ಕೊನೆಗೆ ಅಳಿಯ ಆ ಕಿಟ್ ಬಿಟ್ಟ. 120 ಇಂಚಿನ, ಎರಡೂಕಾಲು ಇಂಚು ಹಲ್ಲಿನ ಬೇರೊಂದು ಹಳೆಯ ಕಿಟ್ ಸಿಕ್ಕಿತು. ಮಂಜುಗಡ್ಡೆಗೆ ಕೆರೆಯುವ ಕಡ್ಡಿ ಹಾಕಿಸಿದ. ಉಳಿದ ದುಡ್ಡಿನಲ್ಲಿ ತರಬೇತಿ, ಟ್ರಾನ್ಸೀವರ್. ಆಳವಾದ ಹಿಮ ಬೇಕೆನಿಸಿದ ಎರಡು ದಿನ ಬಾಡಿಗೆ ಗಾಡಿ ಇದ್ದೇ ಇದೆ.

ಜನವರಿಯಲ್ಲಿ ಒಂದು ಶನಿವಾರ ಫೋಟೋ ಬಂತು. ಬೆಟ್ಟದ ಮೇಲಿನದಲ್ಲ, ರಸ್ತೆ ಬದಿಯ ಚಹಾದ ಅಂಗಡಿಯಂಥ ಜಾಗದ್ದು. ಕೆಳಗೆ ಬರೆದಿದ್ದ: "ಇವತ್ತು ಮುನ್ಸೂಚನೆ ನಾಲ್ಕು ಇತ್ತು ಮಾಮಾ. ಮ್ಯಾಲೆ ಹೋಗಲಿಲ್ಲ. ಕೆಳಗಿನ ಕಾಡುದಾರ್‍ಯಾಗ ಓಡಿಸಿ ವಾಪಸ್ ಬಂದ್ವಿ." ನಾನು ಅದನ್ನು ಅಕ್ಕನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು. ಟ್ರ್ಯಾಕು, ಹಲ್ಲು ಯಾವುದನ್ನೂ ಕೇಳಲಿಲ್ಲ. "ವಾಪಸ್ ಬಂದಾನಲ್ಲ, ಅಷ್ಟ ಸಾಕು," ಅಂದಳು.