ತರಗೆಲೆಯನ್ನು ಕಸ ಅಂದವರು ಯಾರು?

ಶಾಲೆಯ ವಿಜ್ಞಾನ ಪುಸ್ತಕದ ಒಂದು ಚಿತ್ರದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ನಿಮಗೂ ನೆನಪಿರುತ್ತೆ. ಹುಲ್ಲನ್ನು ಜಿಂಕೆ ತಿನ್ನುತ್ತೆ, ಜಿಂಕೆಯನ್ನು ಹುಲಿ ತಿನ್ನುತ್ತೆ. ಪಕ್ಕದಲ್ಲೊಂದು ಪಿರಮಿಡ್ಡು, ಮೆಟ್ಟಿಲಿಂದ ಮೆಟ್ಟಿಲಿಗೆ ಶೇ. 10ರಷ್ಟು ಶಕ್ತಿ ಮಾತ್ರ ದಾಟುತ್ತದೆ ಎಂಬ 'ನಿಯಮ'. ಎರಡು ಮಾರ್ಕಿನ ಪ್ರಶ್ನೆ. ಅಣಬೆ, ಎರೆಹುಳ, ಬ್ಯಾಕ್ಟೀರಿಯಗಳು ಮೂಲೆಯಲ್ಲೆಲ್ಲೋ ಹೆಣ ಹೊರಲು ಬಂದವರ ಹಾಗೆ ನಿಂತಿರುತ್ತವೆ.

ಆ ಶೇ. 10ಕ್ಕೆ ರೇಮಂಡ್ ಲಿಂಡೆಮನ್ ಹೆಸರು ಅಂಟಿಸುತ್ತಾರೆ. ಪಾಪ, ಆತ 1942ರಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ ತೀರಿಕೊಂಡ. ಅಮೆರಿಕದ ಮಿನೆಸೋಟದ ಸೀಡರ್ ಬಾಗ್ ಎಂಬ ಸಣ್ಣ ಕೆರೆಯ ಲೆಕ್ಕ ಹಿಡಿದು ಬರೆದ ಪ್ರಬಂಧ ಅಚ್ಚಾಗಿದ್ದು ಅವನು ಸತ್ತ ಮೇಲೆ. ಅಲ್ಲಿ ಅವನಿಗೆ ಸಿಕ್ಕ ಅಂಕಿಗಳು ಸಸ್ಯ ತಿನ್ನುವವಕ್ಕೆ ಶೇ. 13.3, ಅವನ್ನು ತಿನ್ನುವವಕ್ಕೆ ಶೇ. 22.3. ಹತ್ತು ಎಂಬುದು ಬರೀ ಸರಾಸರಿ ಅಂದಾಜು, ನಿಯಮ ಅಲ್ಲ. ಅದಕ್ಕಿಂತ ಮಜಾ ಏನು ಗೊತ್ತಾ? ಆತ ಬರೆದ ಚಿತ್ರದ ನಟ್ಟನಡುವೆ ಇದ್ದದ್ದು ಕೆರೆಯ ತಳದ ರಾಡಿ! ನಮ್ಮವರು ಹೆಸರು ಇಟ್ಟುಕೊಂಡು ರಾಡಿಯನ್ನು ಮೂಲೆಗೆ ತಳ್ಳಿದರು.

ಕಾಡಿನ ಲೆಕ್ಕ ನೋಡಿ. ಮರದ ಎಲೆಯಲ್ಲಿ ಬದುಕಿರುವಾಗಲೇ ಹುಳ, ಜಿಂಕೆ, ಮಂಗಗಳ ಹೊಟ್ಟೆ ಸೇರುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದೆರಡು ಪಾಲು. ಉಳಿದದ್ದೆಲ್ಲ ಉದುರಿ ನೆಲಕ್ಕೆ. ಅಂದರೆ ಕಾಡಿನ ಶಕ್ತಿಯ ಹೆದ್ದಾರಿ ಇರುವುದು ಕಾಲ ಕೆಳಗೆ. ಜಿಂಕೆ-ಹುಲಿಯದ್ದು ಒಳದಾರಿ.

ಒಂದು ಕೆಜಿ ಒಣ ಎಲೆಯಲ್ಲಿ ಹೆಚ್ಚುಕಡಿಮೆ 4 ಸಾವಿರ ಕಿಲೋ ಕ್ಯಾಲೊರಿ ಇರುತ್ತದೆ. ಒಂದು ಕೆಜಿ ಅಕ್ಕಿಯಲ್ಲೂ ಸುಮಾರು ಅಷ್ಟೇ, ಸ್ವಲ್ಪ ಕಡಿಮೆ. ಅಕ್ಕಿಯ ಪಿಷ್ಟವೂ ಎಲೆಯ ಸೆಲ್ಯುಲೋಸೂ ಗ್ಲೂಕೋಸಿನ ಸರಪಳಿಗಳೇ. ಎರಡನೆಯದನ್ನು ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ, ಅದಕ್ಕೇ ಅದು ನಮಗೆ ಕಸ. ಗೆದ್ದಲಿಗೆ ಅದೇ ಊಟ. ಕೆಲವು ಗೆದ್ದಲುಗಳು ಹುತ್ತದೊಳಗೆ ಶಿಲೀಂಧ್ರದ ತೋಟವನ್ನೇ ಮಾಡುತ್ತವೆ, ಮಳೆ ಬಿದ್ದಾಗ ನಾವು ಕಿತ್ತು ಸಾರು ಮಾಡುವ ಹುತ್ತದ ಅಣಬೆ ಅದೇ. ಆ ಗೆದ್ದಲನ್ನು ದರೋಜಿಯ ಕರಡಿ ತಿನ್ನುತ್ತದೆ. ಇದನ್ನು ಯಾವ ಪಿರಮಿಡ್ಡಿನ ಯಾವ ಮೆಟ್ಟಿಲಲ್ಲಿ ಕೂರಿಸುತ್ತೀರಿ?

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ಚಿತ್ರ ಓದಿ ಪಾಸಾದವರೇ ಬೇಸಿಗೆ ಶುರುವಾಗುವಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಹೊಂಗೆ ಎಲೆ ಗುಡ್ಡೆ ಹಾಕಿಸಿ ಬೆಂಕಿ ಕೊಡಿಸುತ್ತಿರುವುದು. ಗುಡಿಸುವವರನ್ನು ಬೈಯಬೇಡಿ, ಅವರಿಗೆ ಹೇಳಿ ಮಾಡಿಸುವವರು ಬೇರೆ. ನಮ್ಮ ಬಡಾವಣೆಯ ಸಂಘದಲ್ಲಿ ಕೇಳಿದರೆ "ಬೂದಿ ಗಿಡಕ್ಕೆ ಒಳ್ಳೇದಲ್ವಾ" ಅಂದರು. ಅಲ್ಲಾ ಸ್ವಾಮಿ, ಬೂದಿಯಲ್ಲಿ ಪೊಟ್ಯಾಶು, ಸುಣ್ಣ ಉಳಿಯುತ್ತದೆ, ಒಪ್ಪಿದೆ. ಸಾರಜನಕದ ಬಹುಪಾಲು ಗಾಳಿಪಾಲು. ಶಕ್ತಿ ಅಂತೂ ಸೊನ್ನೆ. ಬೂದಿ ತಿಂದು ಬದುಕುವ ಎರೆಹುಳ ಇನ್ನೂ ಹುಟ್ಟಿಲ್ಲ :-)

ಇನ್ನೊಬ್ಬರು ಜಾಣರು: "ಕೊಳೆತರೂ ಕೊನೆಗೆ ಶಕ್ತಿ ಬಿಸಿಯಾಗಿಯೇ ಹೋಗುತ್ತಲ್ಲ, ಏನು ವ್ಯತ್ಯಾಸ?" ಭೌತಶಾಸ್ತ್ರ ಸರಿ. ಆದರೆ ಬೆಂಕಿಯಲ್ಲಿ ಅದು ಅರ್ಧ ಗಂಟೆಯಲ್ಲಿ, ಯಾರ ಹೊಟ್ಟೆಗೂ ಹೋಗದೆ ಮುಗಿಯುತ್ತದೆ. ನೆಲದಲ್ಲಿ ಬಿಟ್ಟರೆ ಶಿಲೀಂಧ್ರ, ಚೋರಟೆ, ಜೀರುಂಡೆಯ ಮರಿ, ಅದನ್ನು ಕೆದಕಿ ತಿನ್ನುವ ಹರಟೆಮಲ್ಲ, ಹುಳ ಹಿಡಿಯುವ ಓತಿಕ್ಯಾತ, ಅದನ್ನು ಎತ್ತಿಕೊಂಡು ಹೋಗುವ ಗಿಡುಗ, ಇಷ್ಟು ಜನರ ಮನೆಯಲ್ಲಿ ತಿಂಗಳುಗಟ್ಟಲೆ ಒಲೆ ಉರಿಯುತ್ತದೆ. ಹಕ್ಕಿ ಕಡಿಮೆಯಾಯ್ತು ಅಂತ ಮಣ್ಣಿನ ಬಟ್ಟಲಲ್ಲಿ ಕಾಳು ಇಡುವವರೇ ಅದರ ಉಗ್ರಾಣಕ್ಕೆ ಬೆಂಕಿ ಇಡುತ್ತಾರೆ.

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಈ ಪಾಠ ಬೇಕಿರಲಿಲ್ಲ. ಸೊಪ್ಪಿನ ಬೆಟ್ಟದ ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿಗೆಯಾಗಿ, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಅದನ್ನು ಕಸ ಅಂದರೆ ಅಲ್ಲಿ ನಗುತ್ತಾರೆ.

ಕಾನೂನೂ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಣ್ಣದಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಅಂದಿತು. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ.

"ಗುಡ್ಡೆ ಹಾಕಿದರೆ ಸೊಳ್ಳೆ, ಹಾವು ಬರಲ್ವಾ?" ಸೊಳ್ಳೆಗೆ ಬೇಕಾದ್ದು ನಿಂತ ನೀರು, ಎಲೆಯಲ್ಲ. ಹಾವಿನ ಭಯವಿದ್ದರೆ ಬಾಗಿಲಿಂದ ದೂರ, ಪಾರ್ಕಿನ ಮೂಲೆಯಲ್ಲಿ ಕೋಳಿಬಲೆಯ ಸುತ್ತು ಕಟ್ಟಿ ತುಂಬಿ, ವಾರಕ್ಕೊಮ್ಮೆ ನೀರು ಚಿಮುಕಿಸಿ, ಸ್ವಲ್ಪ ಸಗಣಿ ನೀರು ಸಿಕ್ಕರೆ ಇನ್ನೂ ಒಳ್ಳೆಯದು. ಗುಡ್ಡೆ ಕುಗ್ಗುತ್ತಾ ಹೋಗುತ್ತದೆ, ಮೇಲೆ ಹೊಸ ಎಲೆ ಹಾಕುತ್ತಾ ಇರಿ.