ಶ್ರುತಿ ತಪ್ಪಿದ್ದು ಯಾರದು?

‘ಬ್ಯಾಂಜೋ ಜಿ ಶ್ರುತಿಯಲ್ಲಿದ್ದರೆ ಮೌತ್ ಆರ್ಗನ್ನೂ ಜಿ ಶ್ರುತಿಯದೇ ಬೇಕು, ಮುಗಿಯಿತು’ ಎಂದು ಪಟ್ಟಿ ಬರೆದುಕೊಡುವ ಪಂಡಿತರಿದ್ದಾರೆ. ಎಡಗಡೆ ಬ್ಯಾಂಜೋ, ಬಲಗಡೆ ಮೌತ್ ಆರ್ಗನ್, ನಡುವೆ ಒಂದು ಗೆರೆ. ಆ ಪಟ್ಟಿಯಲ್ಲಿ ಇಲ್ಲದೆ ಇರುವುದು ಹಾಡು ಒಂದೇ! ನಾನು ಸಂಗೀತದ ಟೀಚರಲ್ಲ, ಸಮಾಜ ಪಾಠ ಹೇಳುವವಳು. ಆದರೂ ಈ ಪಟ್ಟಿಯ ಮೇಲೆ ನನಗೆ ತುಂಬಾ ದಿನದ ಸಿಟ್ಟಿದೆ.

ನಮ್ಮ ಕಡೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗಕ್ಕೂ ಬ್ಯಾಂಜೋ ಎನ್ನುತ್ತಾರೆ. ನಾನು ಹೇಳುತ್ತಿರುವುದು ಅದರ ಮಾತಲ್ಲ, ಅಮೆರಿಕದ ಐದು ತಂತಿಯ ಬ್ಯಾಂಜೋ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹೋದ ಜನ ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯದ ವಂಶ ಅದು. ಅದರ ಐದನೆಯ ತಂತಿ ಗಿಡ್ಡ. ಹೆಬ್ಬೆರಳು ಅದನ್ನು ಆಗಾಗ ಮೀಟುತ್ತಲೇ ಇರುತ್ತದೆ, ನಮ್ಮ ತಂಬೂರಿಯ ನೆನಪಾಗುವ ಹಾಗೆ. ಅಪಲಾಚಿಯನ್ ಬೆಟ್ಟಸೀಮೆಯ ಹಳೆಯ ವಾದಕರು ಹಾಡು ಬದಲಾದರೆ ಬಿರಡೆ ತಿರುಗಿಸಿ ತಂತಿಗಳನ್ನೇ ಬೇರೆ ರೀತಿ ಕೂಡಿಸುತ್ತಿದ್ದರು. ಮೌತ್ ಆರ್ಗನ್ನಿಗೆ ಬಿರಡೆಯೇ ಇಲ್ಲ. ಜರ್ಮನಿಯ ಟ್ರೋಸಿಂಗನ್ನಿನಲ್ಲಿ ಹೋನರ್ 1857ರಲ್ಲಿ ತಯಾರಿಕೆ ಶುರುಮಾಡಿದಾಗಿನಿಂದ ಇಂದಿನವರೆಗೂ ಅದರ ಹಣೆಬರಹ ಕಾರ್ಖಾನೆಯಲ್ಲೇ ಬರೆದಾಗಿರುತ್ತದೆ. ಹಿತ್ತಾಳೆಯ ನಾಲಗೆಗಳನ್ನು ಅಲ್ಲಿ ಯಾವ ಶ್ರುತಿಗೆ ಅರೆದರೋ ಅದೇ ಶ್ರುತಿ. ಹತ್ತು ತೂತು, ಏಳು ಸ್ವರ. ಕೆಳಗಿನ ಸ್ಥಾಯಿಯಲ್ಲಂತೂ ಮ ಮತ್ತು ಧ ಇಲ್ಲವೇ ಇಲ್ಲ.

ಇಂಥ ಹಟಮಾರಿ ಪೆಟ್ಟಿಗೆಯಿಂದ ಹಲವು ಹಾಡು ಹೊರಡಿಸುವ ಉಪಾಯವನ್ನು ಅಲ್ಲಿನವರು ಕಂಡುಕೊಂಡರು. ಸಂಗೀತ ಕಲಿತ ನಮ್ಮ ಮಕ್ಕಳಿಗೆ ಅದು ಹೊಸದಲ್ಲ. ಸಿ ಎಂದರೆ ನಮ್ಮ ಹಾರ್ಮೋನಿಯಂನ ಬಿಳಿ ಒಂದು, ಜಿ ಎಂದರೆ ಬಿಳಿ ಐದು. ಸಿ ಮೌತ್ ಆರ್ಗನ್ನಿನಲ್ಲಿ ಸಿಯನ್ನೇ ಷಡ್ಜವೆಂದುಕೊಂಡರೆ ಶಂಕರಾಭರಣ. ಗಮಕದ ಮಾತು ಬಿಡಿ, ಬರಿಯ ಸ್ವರಸ್ಥಾನ ಹೇಳುತ್ತಿದ್ದೇನೆ. ಅದೇ ಪೆಟ್ಟಿಗೆಯಲ್ಲಿ ಪಂಚಮವಾದ ಜಿಯನ್ನು ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿ, ರಿಷಭವಾದ ಡಿಯನ್ನು ಮಾಡಿಕೊಂಡರೆ ಖರಹರಪ್ರಿಯ. ನಾವು ಗ್ರಹಭೇದ ಎನ್ನುವುದನ್ನು ಅವರು ಮೊದಲನೆಯ, ಎರಡನೆಯ, ಮೂರನೆಯ ಸ್ಥಾನ ಎನ್ನುತ್ತಾರೆ, ಅಷ್ಟೆ.

ಈಗ ಪಟ್ಟಿಯ ಪಂಡಿತರಿಗೆ ನನ್ನದೊಂದು ಪ್ರಶ್ನೆ. ಬ್ಯಾಂಜೋ ಜಿಯಲ್ಲಿದೆ, ಒಪ್ಪಿದೆ. ಯಾವ ಜಿ? ಸಾಮಾನ್ಯ ರೀತಿಯಲ್ಲಿ ತಂತಿಗಳು ಜಿ, ಡಿ, ಜಿ, ಬಿ, ಡಿ ಎಂದಿರುತ್ತವೆ. ಷಡ್ಜ, ಪಂಚಮ, ಜೊತೆಗೆ ಅಂತರ ಗಾಂಧಾರ. ಶಂಕರಾಭರಣದ ಛಾಯೆಯ ಹಾಡಾದರೆ ಜಿ ಮೌತ್ ಆರ್ಗನ್ ಸರಿ. ನಿಷಾದ ಇಳಿದ ಹಾಡಾದರೆ ಸಿ ಬೇಕು. ಇನ್ನೊಂದು ರೀತಿಯಿದೆ, ಅದಕ್ಕೆ ‘ಸಾಮಿಲ್’ ಎಂದೇ ಹೆಸರು, ನಮ್ಮೂರ ಮರ ಕೊಯ್ಯುವ ಸಾಮಿಲ್ಲೇ! ಅಲ್ಲಿ ಬಿ ತಂತಿಯನ್ನು ಅರ್ಧ ಸ್ವರ ಏರಿಸಿ ಸಿ ಮಾಡುತ್ತಾರೆ. ಆಗ ಬಿಟ್ಟ ತಂತಿಗಳಲ್ಲಿ ಸ, ಮ, ಪ ಮಾತ್ರ ಉಳಿದು ಗಾಂಧಾರದ ಜಾಗ ಖಾಲಿಯಾಗುತ್ತದೆ. ನಗುವೋ ಅಳುವೋ ಎಂದು ಬ್ಯಾಂಜೋ ಬಾಯಿ ಬಿಡುವುದಿಲ್ಲ, ಹಾಡೇ ಹೇಳಬೇಕು. ಸಾಧಾರಣ ಗಾಂಧಾರದ ಹಾಡಾದರೆ ಎಫ್ ಮೌತ್ ಆರ್ಗನ್ನು, ಅಂತರ ಗಾಂಧಾರವಿದ್ದು ನಿಷಾದ ಇಳಿದಿದ್ದರೆ ಸಿ. ಜಿಯಲ್ಲಿ ಆ ಸಾಧಾರಣ ಗಾಂಧಾರ ಹುಟ್ಟುವುದೇ ಇಲ್ಲ. ಉಸಿರು ಬಗ್ಗಿಸಿ ಹುಟ್ಟಿಸುವ ಚತುರರ ಮಾತು ಬೇರೆ.

ನನ್ನ ತಂಗಿಯ ಮಗ ರಜಕ್ಕೆ ಬಂದಾಗ ಬ್ಯಾಂಜೋ ತಂದಿದ್ದ. ಸಾಮಿಲ್ ರೀತಿಯಲ್ಲಿ ಕೂಡಿಸಿ ಒಂದು ದುಃಖದ ಹಾಡು ನುಡಿಸುತ್ತಿದ್ದ. ಬಳಗದಲ್ಲಿ ಸಂಗೀತ ಬಲ್ಲವರೆನಿಸಿಕೊಂಡ ಹಿರಿಯರೊಬ್ಬರು ಒಂಬತ್ತನೇ ಕ್ಲಾಸಿನ ಹುಡುಗಿಯ ಕೈಗೆ ಜಿ ಮೌತ್ ಆರ್ಗನ್ ಕೊಟ್ಟು ‘ಊದಮ್ಮ’ ಎಂದರು. ಊದಿದಳು, ಕರ್ಕಶವಾಯಿತು. ‘ಇವಳಿಗೆ ಶ್ರುತಿಜ್ಞಾನವೇ ಇಲ್ಲ’ ಎಂದು ಎಲ್ಲರೆದುರು ತೀರ್ಪು ಕೊಟ್ಟರು. ಹುಡುಗಿ ಅದನ್ನು ಕೆಳಗಿಟ್ಟು ಒಳಗೆ ಹೋದಳು. ಪೆಟ್ಟಿಗೆಯಲ್ಲಿಲ್ಲದ ಸ್ವರವನ್ನು ಅವಳು ಎಲ್ಲಿಂದ ತರಬೇಕಿತ್ತು?

ಇದು ಬ್ಯಾಂಜೋಗೆ ಮಾತ್ರ ಬಂದ ರೋಗವಲ್ಲ. ಸ್ಕೂಲಿನ ಪ್ರಾರ್ಥನೆಯಲ್ಲಿ ಹಾರ್ಮೋನಿಯಂ ನುಡಿಸುವ ಮೇಷ್ಟ್ರ ಗಂಟಲು ಬಿಳಿ ಒಂದಕ್ಕೆ ಕೂಡುತ್ತದೆ, ಆದ್ದರಿಂದ ಮುನ್ನೂರು ಮಕ್ಕಳೂ ಬಿಳಿ ಒಂದು. ಹೆಣ್ಣುಮಕ್ಕಳ ಗಂಟಲು ಐದರ ಆಸುಪಾಸಿನದು ಎಂದು ಯಾವ ಭಾಗವತರನ್ನು ಕೇಳಿದರೂ ಹೇಳಿಯಾರು. ಕೆಳಗಿನ ಸ್ವರ ಸಿಗದೆ ಗೊಗ್ಗರಾಗುವ ಹುಡುಗಿಯರನ್ನು ಹಿಂದಿನ ಸಾಲಿಗೆ ಕಳಿಸಿ ‘ಬಾಯಿ ಮಾತ್ರ ಆಡಿಸಿ’ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾರ್ಮೋನಿಯಂನಲ್ಲಿ ನಾಲ್ಕು ಮನೆ ಬಲಕ್ಕೆ ಕೈ ಸರಿಸಿದರೆ ಸಾಕು. ಅಭ್ಯಾಸ ಮಾಡಬೇಕಲ್ಲ, ಆ ಶ್ರಮ ಮಕ್ಕಳ ಮರ್ಯಾದೆಗಿಂತ ದುಬಾರಿಯಾಯಿತು.

ಬ್ಯಾಂಜೋವನ್ನು ಸದಾ ಒಂದೇ ರೀತಿಯಲ್ಲಿಟ್ಟು, ಕತ್ತಿಗೆ ಕ್ಯಾಪೋ ಕಚ್ಚಿಸಿ ಏರಿಸಿದರಾಯಿತು ಎನ್ನುವವರಿದ್ದಾರೆ. ಎರಡನೇ ಮನೆಗೆ ಕಚ್ಚಿಸಿ, ಗಿಡ್ಡ ತಂತಿಯನ್ನೂ ಏರಿಸಿದರೆ ಜಿ ಹೋಗಿ ಎ ಆಗುವುದು ನಿಜ. ಆದರೆ ಗಾಂಧಾರ ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ. ಕ್ಯಾಪೋ ಎತ್ತರ ಬದಲಿಸುತ್ತದೆ, ಭಾವವನ್ನಲ್ಲ.

ಇನ್ನು ಖರ್ಚಿನ ಮಾತು. ಹತ್ತಾರು ಕೊಳ್ಳಬೇಕಿಲ್ಲ, ಜಿ, ಸಿ, ಎಫ್, ಡಿ ನಾಲ್ಕಿದ್ದರೆ ಹೆಚ್ಚಿನ ಹಾಡುಗಳಿಗೆ ಒದಗುತ್ತವೆ. ಮದುವೆಗೊಂದು ಸೀರೆ ಕೊಳ್ಳುವವರು ಈ ಲೆಕ್ಕಕ್ಕೆ ಹೆದರಬೇಕಾಗಿಲ್ಲ. ಆ ಹುಡುಗಿಗೆ ಎಫ್ ಒಂದನ್ನು ನಾನೇ ತರಿಸಿಕೊಟ್ಟೆ. ಈಗ ಆ ದುಃಖದ ಹಾಡನ್ನು ಗಾಂಧಾರ ಸಮೇತ ನುಡಿಸುತ್ತಾಳೆ. ಹಿರಿಯರಿಗೆ ಇನ್ನೂ ಹೇಳಿಕಳಿಸಿಲ್ಲ.