206 ಎಲುಬು ಎಣಿಸಿದ್ದು ಸಾಕು

ಮನುಷ್ಯನ ದೇಹದಲ್ಲಿ ಎಲುಬುಗಳೆಷ್ಟು? ಯಾವ ಮಗುವನ್ನು ಕೇಳಿದರೂ ಥಟ್ಟನೆ 206 ಎನ್ನುತ್ತದೆ. ಪೂರ್ಣ ಮಾರ್ಕು! ತಮಾಷೆಯೆಂದರೆ ಅದು ದೊಡ್ಡವರ ಲೆಕ್ಕ. ಹತ್ತು ವರ್ಷದ ಮಗುವಿನ ಸೊಂಟದ ಎಲುಬಿನ ಭಾಗಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಉತ್ತರ ಹೇಳುವ ಮಗುವಿನ ಮೈಯಲ್ಲೇ ಆ ಉತ್ತರ ಸರಿಯಲ್ಲ.

ಮಡಚಿದ ಕೈ ಮತ್ತೆ ನೆಟ್ಟಗಾಗುವುದು ಹೇಗೆ ಎಂದು ಕೇಳಿ ನೋಡಿ. "ಸ್ನಾಯು ಸಡಿಲವಾಗುತ್ತದೆ ಸರ್" ಎನ್ನುತ್ತಾರೆ. ಹಾಗಾದರೆ ತಲೆಗಿಂತ ಮೇಲಿನ ಅಟ್ಟಕ್ಕೆ ಡಬ್ಬ ಇಡುವಾಗ ಕೈಯನ್ನು ನೆಟ್ಟಗೆ ಮಾಡಿದವರು ಯಾರು ಮಾರಾಯ್ರೆ? ಸ್ನಾಯುವಿಗೆ ಎಳೆಯಲು ಮಾತ್ರ ಗೊತ್ತು, ತಳ್ಳಲು ಗೊತ್ತಿಲ್ಲ. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೋಡಿದ ಮಗುವಿಗೆ ಇದು ಅರ್ಥವಾಗಲು ಒಂದು ನಿಮಿಷ ಸಾಕು. ಸೂತ್ರ ಎಳೆದರೆ ಬೊಂಬೆಯ ಕೈ ಏಳುತ್ತದೆ, ಬಿಟ್ಟರೆ ತನ್ನ ಭಾರಕ್ಕೇ ಬೀಳುತ್ತದೆ. ನಮ್ಮ ತೋಳಿಗೆ ಹಿಂದೆಯೂ ಒಂದು ಸೂತ್ರ ಉಂಟು. ಮುಂದಿನ ಸ್ನಾಯು ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿನದು ಎಳೆದರೆ ನೆಟ್ಟಗಾಗುತ್ತದೆ.

ಇನ್ನೊಂದು ಅನ್ಯಾಯ. ಸನ್ನೆಗೋಲಿನ ಪಾಠ ಒಂದು ಕಡೆ, ಎಲುಬಿನ ಪಾಠ ಇನ್ನೊಂದು ಕಡೆ! ಮುಂಗೈಯೇ ಒಂದು ಸನ್ನೆಗೋಲಲ್ಲವೇ? ಮೊಣಕೈ ಕೀಲೇ ಆಧಾರ. ತೋಳಿನ ಮುಂದಿನ ಸ್ನಾಯು ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಎಲುಬಿಗೆ ಅಂಟಿಕೊಂಡಿದೆ, ಅಂಗೈ ಸುಮಾರು 32 ಸೆಂ.ಮೀ. ದೂರದಲ್ಲಿದೆ. ಮುಂಗೈಯನ್ನು ಅಡ್ಡಕ್ಕೆ ಚಾಚಿ ಒಂದು ಕಿಲೋ ಅಕ್ಕಿ ಹಿಡಿದರೆ, ಕೈಯ ಸ್ವಂತ ಭಾರ ಬಿಟ್ಟು, ಸ್ನಾಯು ಎಂಟು ಕಿಲೋದಷ್ಟು ಎಳೆಯಬೇಕು. ನಷ್ಟದ ವ್ಯಾಪಾರ ಅನಿಸೀತು. ಆದರೆ ಸ್ನಾಯು ಒಂದು ಸೆಂ.ಮೀ. ಕುಗ್ಗಿದರೆ ಅಂಗೈ ಎಂಟು ಸೆಂ.ಮೀ. ಚಲಿಸುತ್ತದೆ, ಅದೂ ಅಷ್ಟೇ ಹೊತ್ತಿನಲ್ಲಿ. ಕಲ್ಲೆಸೆಯುವ ವೇಗ ಬರುವುದು ಇದರಿಂದಲೇ.

"ಕನ್ನಡದಲ್ಲಿ ವಿಜ್ಞಾನ ಕಷ್ಟ, ಇಂಗ್ಲಿಷ್ ಮೀಡಿಯಂಗೆ ಹಾಕಿ" ಎನ್ನುವವರೇ, ಅಲ್ಲಿ ಏನು ಕಲಿಸುತ್ತಾರೆ? ಟೂ ಹಂಡ್ರೆಡ್ ಅಂಡ್ ಸಿಕ್ಸ್! ಕೀಲು ಎಂಬ ಮಾತು ಮಗುವಿಗೆ ಮನೆಯಲ್ಲೇ ಸಿಕ್ಕಿದೆ. ಕಷ್ಟ ಕೊಡುವುದು ಸ್ನಾಯುರಜ್ಜು, ಅಸ್ಥಿರಜ್ಜು ಎಂಬ ಅವಳಿಗಳು. ಮೊದಲನೆಯದು ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ, ಎರಡನೆಯದು ಎಲುಬನ್ನು ಎಲುಬಿಗೆ ಕಟ್ಟುವ ಹಗ್ಗ. ಇಷ್ಟು ಹೇಳಿಕೊಡಲು ಯಾವ ಭಾಷೆಯೂ ಬಡವಾಗಿಲ್ಲ.

ಪ್ರಶ್ನೆಪತ್ರಿಕೆ ಮಾಡುವವರಲ್ಲಿ ಒಂದೇ ಬೇಡಿಕೆ. ಮುಂದಿನ ಸಲ ಸಂಖ್ಯೆ ಕೇಳಬೇಡಿ. ಅಂಗೈಯಿಂದ ಬೆಂಚನ್ನು ಕೆಳಕ್ಕೆ ಒತ್ತಿದಾಗ ತೋಳಿನ ಯಾವ ಬದಿ ಗಟ್ಟಿಯಾಗುತ್ತದೆ, ಏಕೆ ಎಂದು ಕೇಳಿ.